ಮೇಲಿನಿಂದ ಇಳಿಯುವ ಶ್ರವಣಮಾರ್ಗ

ಕಿವಿಯನ್ನು ಹೊಕ್ಕ ಶಬ್ದವು ಒಳಗಿವಿಯ ಕಾಕ್ಲಿಯದಲ್ಲಿ ವಿದ್ಯುತ್‌ಸಂಜ್ಞೆಯಾಗಿ ಪರಿಣಮಿಸಿ, ಮಧ್ಯಮಿದುಳನ್ನೂ ಥಾಲಮಸ್ಸನ್ನೂ ಹಾದು, ಕಟ್ಟಕಡೆಗೆ ಕಾರ್ಟೆಕ್ಸ್ ಎಂಬ ಮಿದುಳಿನ ಹೊರಪದರವನ್ನು ಸೇರುವುದೆಂಬುದು ಸತ್ಯವೇ ಆದರೂ ಅರ್ಧ ಸತ್ಯವಷ್ಟೆ. ಏಕೆಂದರೆ ಆ ಹೊರಪದರದಿಂದಲೇ ಹೊರಟ ಅಸಂಖ್ಯ ನರತಂತುಗಳು ಥಾಲಮಸ್ಸಿಗೂ, ಅದರ ಕೆಳಗೆ ಮಧ್ಯಮಿದುಳಿನಲ್ಲಿರುವ ಇನ್‌ಫೀರಿಯರ್ ಕಾಲಿಕ್ಯುಲಸ್ಸಿಗೂ ಇಳಿದುಬಂದು, ಮೇಲಕ್ಕೇರಬೇಕಾದ ವಾರ್ತೆಯನ್ನು ದಾರಿಯಲ್ಲಿಯೇ ತಿದ್ದುತ್ತವೆ.

1990ರ ದಶಕದಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ನೊಬುವೊ ಸುಗಾ ಮತ್ತು ಅವರ ಸಂಗಡಿಗರು ಬಾವಲಿಯ ಶ್ರವಣ ಕಾರ್ಟೆಕ್ಸಿನ ಕಿರಿದೊಂದು ಭಾಗವನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದಾಗ, ಆ ಭಾಗವು ಮಿಡಿಯುವ ಸ್ವರಕ್ಕೇ ಮಿಡಿಯುತ್ತಿದ್ದ ಮಿದುಳಿನ ಆಳದ ನರಕೋಶಗಳ ಸ್ಪಂದನವೂ ಕುಗ್ಗಿತು.

ಇದಕ್ಕಿಂತಲೂ ವಿಸ್ಮಯಕರವಾದುದು 2010ರಲ್ಲಿ ಆಕ್ಸ್‌ಫರ್ಡಿನ ವಿಕ್ಟೋರಿಯ ಬಾಹೊ, ಆಂಡ್ರ್ಯೂ ಕಿಂಗ್ ಮೊದಲಾದವರು ಪ್ರಕಟಿಸಿದ ಪ್ರಯೋಗ. ಫೆರೆಟ್ ಎಂಬ ಸಣ್ಣ ಪ್ರಾಣಿಯ ಒಂದು ಕಿವಿಯನ್ನು ಮುಚ್ಚಿದರೆ, ಶಬ್ದವು ಯಾವ ದಿಕ್ಕಿನದೆಂದು ತಿಳಿಯದೆ ಅದು ಮೊದಲು ಕಂಗೆಡುವುದು; ಆದರೆ ದಿನದಿನದ ಅಭ್ಯಾಸದಿಂದ, ವಿಕೃತವಾದ ಸೂಚನೆಗಳಿಗೇ ಹೊಂದಿಕೊಂಡು, ದಿಕ್ಕನ್ನು ಪುನಃ ಗುರುತಿಸಲು ಕಲಿಯುವುದು. ಕಾರ್ಟೆಕ್ಸಿನ ಐದನೆಯ ಪದರದಿಂದ ಕಾಲಿಕ್ಯುಲಸ್ಸಿಗೆ ಇಳಿಯುವ ಕೋಶಗಳನ್ನು ಮಾತ್ರ ನಾಶಪಡಿಸಿದ ಪ್ರಾಣಿಗಳಾದರೋ, ಎರಡು ಕಿವಿಗಳೂ ತೆರೆದಿದ್ದಾಗ ದಿಕ್ಕನ್ನು ಎಂದಿನಂತೆ ಅರಿತರೂ, ಒಂದು ಕಿವಿ ಮುಚ್ಚಿದಾಗ ಆ ಹೊಸ ಪಾಠವನ್ನು ಕಲಿಯಲಾರದೆ ಹೋದುವು. ಕೇಳುವ ಶಕ್ತಿ ಉಳಿದಿತ್ತು, ಕೇಳಲು ಮರಳಿ ಕಲಿಯುವ ಶಕ್ತಿ ಕುಂದಿತ್ತು; ಈ ಭೇದವನ್ನು ಇಷ್ಟು ನಿಚ್ಚಳವಾಗಿ ಬೇರ್ಪಡಿಸಿ ತೋರಿದುದೇ ಆ ಪ್ರಯೋಗದ ಹಿರಿಮೆಯೆಂದು ನನ್ನ ಎಣಿಕೆ.

ಇಳಿಮುಖವಾದ ಈ ಮಾರ್ಗಗಳ ಸರಣಿ ಕಾಲಿಕ್ಯುಲಸ್ಸಿನಲ್ಲಿಯೇ ನಿಲ್ಲದೆ, ಮಿದುಳಕಾಂಡದ ಮೂಲಕ ಸಾಗಿ, ಕಾಕ್ಲಿಯದ ಹೊರ ಕೂದಲುಕೋಶಗಳನ್ನೂ ಮುಟ್ಟುತ್ತದೆ.