ಹಳೆಯ ಕೈಗಣಕದಲ್ಲಿ ಅನ್ಯ ಕಾರ್ಯವ್ಯವಸ್ಥೆ

ಯಂತ್ರವು ಕೆಡುವುದು ಬೇರೆ, ಅದರ ತಂತ್ರಾಂಶವು ಹಳತಾಗುವುದು ಬೇರೆ. ಈ ಭೇದವನ್ನು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು 2000ನೆಯ ಇಸವಿಯಲ್ಲಿ ಹೊರತಂದ ಜೋರ್ನಾಡಾ 720 ಎಂಬ ಕೈಗಣಕದಿಂದ ವಿವರಿಸಬಯಸುತ್ತೇವೆ. ಇದರಲ್ಲಿ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕವೂ 32 ಮೆಗಾಬೈಟ್ ಸ್ಮೃತಿಯೂ ಉಂಟು. ಮೂಲವ್ಯವಸ್ಥೆಯಾದ ವಿಂಡೋಸ್ ಸಿಇ ಓದುಮಾತ್ರದ ಸ್ಮೃತಿಯಲ್ಲಿ ನೆಲೆಸಿರುವುದರಿಂದ ಅದನ್ನು ಅಳಿಸುವುದು ಸುಲಭವಲ್ಲ. ಆದಕಾರಣ ನೆಟ್‌ಬಿಎಸ್‌ಡಿಯ ರಚನಕಾರರು ಬೇರೊಂದು ಉಪಾಯವನ್ನು ಕೈಕೊಂಡರು. ಮೊದಲು ವಿಂಡೋಸ್ ಎಚ್ಚರಗೊಳ್ಳುತ್ತದೆ. ಅದರ ಆಶ್ರಯದಲ್ಲಿಯೇ ನಡೆಯುವ ಎಚ್‌ಪಿಸಿಬೂಟ್ ಎಂಬ ಕ್ರಮವಿಧಿಯು ಹೊಸ ವ್ಯವಸ್ಥೆಯ ತಿರುಳನ್ನು ಕಾರ್ಡಿನಿಂದ ಸ್ಮೃತಿಗೆ ತಂದು, ಯಂತ್ರದ ಆಡಳಿತವನ್ನು ಅದಕ್ಕೊಪ್ಪಿಸುತ್ತದೆ. ಸ್ಮೃತಿಯಲ್ಲಿದ್ದ ಹಿಂದಿನ ಕಡತಗಳು ಆಗ ಅಳಿಯುವುವು; ಆದುದರಿಂದ ಮುಂಚಿತವಾಗಿಯೇ ಪ್ರತಿ ತೆಗೆದಿರಿಸತಕ್ಕದ್ದು. ಆಕರಸಂಹಿತೆಯು ಬಹಿರಂಗವಾಗಿರುವುದರಿಂದ, ತಯಾರಕರು ಕೈಬಿಟ್ಟ ಯಂತ್ರವನ್ನೂ ವಿದ್ಯಾರ್ಥಿಯು ನಡೆಸಬಲ್ಲನು. ಅದು ಹೇಗೆ ನಡೆಯುವುದೆಂಬುದನ್ನೂ ಓದಿ ಅರಿಯಬಲ್ಲನು. ಎರಡನೆಯದೇ ಹೆಚ್ಚಿನ ಲಾಭವೆಂದು ನಮ್ಮ ಅಭಿಪ್ರಾಯ.