ಹತ್ತಾರು ಜನಕ್ಕೆ ಹಗುರ ಲಸಾನ್ಯಾ

ಲಸಾನ್ಯಾ ಇಟಲಿಯ ಅಡುಗೆ. ಹಿಟ್ಟಿನ ತೆಳು ಹಾಳೆಗಳಿಗೆ ಸಾಸ್ ಹಚ್ಚಿ, ಚೀಸ್ ಉದುರಿಸಿ, ಪದರದ ಮೇಲೆ ಪದರ ಜೋಡಿಸಿ ಓವನ್‌ನಲ್ಲಿ ಬೇಯಿಸುತ್ತಾರೆ. ‘ಲಿಬರ್ ದೆ ಕೊಕ್ವಿನಾ’ ಎಂಬ ಮಧ್ಯಯುಗದ ಲ್ಯಾಟಿನ್ ಪಾಕಗ್ರಂಥದಲ್ಲಿ ಬೆಂದ ಹಾಳೆಗಳ ನಡುವೆ ಚೀಸ್, ಮಸಾಲೆ ಪುಡಿ ಹಾಕುವ ಕ್ರಮವಷ್ಟೇ ಇದೆ. ಟೊಮೇಟೊ ಆಗಿನ್ನೂ ಯುರೋಪಿಗೆ ಕಾಲಿಟ್ಟಿರಲಿಲ್ಲ.

ಈಗ ಪ್ರಸಿದ್ಧವಾಗಿರುವ ಬಗೆಗಳಲ್ಲಿ ನೇಪಲ್ಸ್‌ನದು ಕಾರ್ನಿವಲ್ ಹಬ್ಬದ ಲಸಾನ್ಯಾ. ಲೆಂಟ್ ಉಪವಾಸಕ್ಕೆ ಮುಂಚಿನ ಭರ್ಜರಿ ಊಟವಾದ್ದರಿಂದ ರಿಕೋಟಾ, ಚೀಸ್, ಕರಿದ ಮಾಂಸದ ಉಂಡೆ, ಬೇಯಿಸಿದ ಮೊಟ್ಟೆ ಎಲ್ಲವೂ ಅದರೊಳಗೆ. ಬೊಲೊನ್ಯಾದ್ದು ಹಾಗಲ್ಲ: ಪಾಲಕ್ ಬೆರೆತ ಹಸಿರು ಹಾಳೆ, ‘ರಗೂ’ ಎಂಬ ಮಾಂಸದ ಸಾಸ್, ಬೆಷಮೆಲ್ ಎಂಬ ಹಾಲಿನ ಸಾಸ್, ಪಾರ್ಮೆಸಾನ್. ಇಷ್ಟೇ. ಹಗುರ ಲಸಾನ್ಯಾ ಬೇಕೆಂದವರು ಚೀಸ್ ಕಿತ್ತು ಹಾಕಿ ಸಪ್ಪೆ ಮಾಡಿಕೊಳ್ಳುವ ಬದಲು ಈ ಬೊಲೊನ್ಯಾ ಪದ್ಧತಿಯಿಂದ ಶುರು ಮಾಡುವುದೇ ಜಾಣತನ.

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಹಾಗಾಗಿ ಹೊಟ್ಟೆ ಭಾರವಾಗಲು ಹಾಳೆಗಿಂತ ನಡುವಿನ ಹೂರಣವೇ ಹೆಚ್ಚು ಕಾರಣ. ಕೊಬ್ಬು ಇಳಿಸಲು ಸುಲಭದ ಜಾಗ ರಗೂ. ಈರುಳ್ಳಿ, ಕ್ಯಾರೆಟ್, ಸೆಲರಿ ಬಾಡಿಸಿ, ಕೀಮಾ ಹುರಿದು, ಟೊಮೇಟೊ ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಬೇಕು. ಕೀಮಾದಲ್ಲಿ ಅರ್ಧದಷ್ಟನ್ನು ಸಣ್ಣಗೆ ಹೆಚ್ಚಿದ ಅಣಬೆಗೆ ಬಿಟ್ಟುಕೊಟ್ಟರೂ ರುಚಿ ಸೋಲುವುದಿಲ್ಲ. ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಕೊಬ್ಬು ಬಿಳಿಯ ಕೆನೆಯಂತೆ ಮೇಲೆ ಗಟ್ಟಿಯಾಗಿರುತ್ತದೆ. ಚಮಚದಿಂದ ಎತ್ತಿ ತೆಗೆದರಾಯಿತು.

ಸಸ್ಯಾಹಾರಿಗಳಿಗೆ ಬದನೆಕಾಯಿ, ಜುಕಿನಿ, ಪಾಲಕ್ ಇವೆ. ಬದನೆ ಎಣ್ಣೆಯನ್ನು ವಿಪರೀತ ಹೀರುವುದರಿಂದ ಕರಿಯದೆ, ಬಿಲ್ಲೆಗಳಿಗೆ ಎಣ್ಣೆ ಸವರಿ ಓವನ್‌ನಲ್ಲಿ ಸುಡುವುದು ಮೇಲು. ತರಕಾರಿಯ ಲಸಾನ್ಯಾ ಕೆಡುವುದು ಹೆಚ್ಚಾಗಿ ನೀರಿನಿಂದ. ಬೇಯಿಸಿದ ಪಾಲಕ್ ಅನ್ನು ಆರಿಸಿ, ಬಟ್ಟೆಯಲ್ಲಿ ಕಟ್ಟಿ, ಹನಿ ಬೀಳುವುದು ನಿಲ್ಲುವವರೆಗೆ ಹಿಂಡಬೇಕು. ಇಲ್ಲದಿದ್ದರೆ ಕತ್ತರಿಸಿದ ತುಂಡು ತಟ್ಟೆಯಲ್ಲೇ ಕುಸಿಯುತ್ತದೆ. ಅಂದಹಾಗೆ, ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳು ಪೊಟ್ಟಣ ಓದಿ ಬೇರೆ ಚೀಸ್ ಕೊಳ್ಳಬೇಕಾಗುತ್ತದೆ.

ಹಾಳೆಗೆ 100 ಗ್ರಾಂ ಹಿಟ್ಟಿಗೊಂದು ಮೊಟ್ಟೆ ಎಂಬುದು ಬೊಲೊನ್ಯಾ ಕಡೆಯ ಲೆಕ್ಕ. 12 ಜನಕ್ಕೆ 400 ಗ್ರಾಂ ಸಾಕು. ಚೆನ್ನಾಗಿ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಕೆಳಗಿನ ಕೈ ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಮೊಟ್ಟೆ ಬೇಡದವರಿಗೆ ಡ್ಯೂರಂ ಗೋಧಿಯ ರವೆ ಮತ್ತು ನೀರಷ್ಟೇ ಇರುವ ಒಣ ಹಾಳೆಗಳು ಅಂಗಡಿಯಲ್ಲಿ ಸಿಗುತ್ತವೆ. ಉಪ್ಪಿಟ್ಟಿಗೆ ಹೆಸರಾದ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದು. ತಾಜಾ ಹಾಳೆಯನ್ನು ಕುದಿಯುವ ಉಪ್ಪುನೀರಿನಲ್ಲಿ ಒಂದು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರಡಬೇಕು.

ಬೆಷಮೆಲ್‌ಗೆ ಒಂದು ಲೀಟರ್ ಟೋನ್ಡ್ ಹಾಲು, 40 ಗ್ರಾಂ ಬೆಣ್ಣೆ, 60 ಗ್ರಾಂ ಮೈದಾ. ಬೆಣ್ಣೆಯಲ್ಲಿ ಮೈದಾದ ಹಸಿವಾಸನೆ ಹೋಗುವಷ್ಟು ಹುರಿದು, ಗಂಟಾಗದಂತೆ ಹಾಲು ಸುರಿಯುತ್ತಾ ಕೈಯಾಡಿಸಿ, ಕೊನೆಗೆ ಜಾಯಿಕಾಯಿ ತುರಿಯಬೇಕು. ಚಮಚಕ್ಕೆ ತೆಳ್ಳಗೆ ಅಂಟಿಕೊಂಡರೆ ಹದ ಬಂತು.

23 ಮತ್ತು 33 ಸೆಂಟಿಮೀಟರಿನ ಟ್ರೇಯಲ್ಲಿ 12 ತುಂಡುಗಳಾಗುತ್ತವೆ. ತಳಕ್ಕೆ ಬೆಷಮೆಲ್ ಸವರಿ, ಹಾಳೆ, ರಗೂ, ಬೆಷಮೆಲ್, ಚಿಟಿಕೆ ಚೀಸ್ ಎಂದು ಐದಾರು ಪದರ ಏರಿಸಬೇಕು. ಸಾಸ್ ಎಷ್ಟು ಕಡಿಮೆಯೆಂದರೆ ಅದರ ಸಂದಿನಲ್ಲಿ ಹಾಳೆ ಇಣುಕುತ್ತಿರಬೇಕು. ಲಸಾನ್ಯಾ ಹಗುರವಾಗುವುದೇ ಇಲ್ಲಿ. ಒಳಗೆ ಕೈ ಬಿಗಿಹಿಡಿದು ಉಳಿಸಿದ ಚೀಸನ್ನು ಮೇಲೆ ಹಾಕಿದರೆ ಮೊದಲ ತುತ್ತಿಗೇ ರುಚಿ ಸಿಗುತ್ತದೆ. 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬೇಕು. ಹೊರತೆಗೆದು ಕಾಲು ಗಂಟೆ ಬಿಟ್ಟರೆ ಸಾಸ್ ಬಿಗಿದುಕೊಂಡು ತುಂಡು ನೆಟ್ಟಗೆ ನಿಲ್ಲುತ್ತದೆ.

ಜನ 24 ಇದ್ದರೆ ಆಳವಾದ ಒಂದೇ ಪಾತ್ರೆ ಬೇಡ. ಅಂಚು ಸೀದರೂ ನಡುಭಾಗ ತಣ್ಣಗಿರುತ್ತದೆ. ಎರಡು ಟ್ರೇ ಇಟ್ಟು, ಅರ್ಧ ಬೆಂದಾಗ ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಬದಲಿಸಬೇಕು. ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿ ಇಟ್ಟದ್ದಾದರೆ ಬೇಯಲು ಹದಿನೈದು ನಿಮಿಷ ಹೆಚ್ಚು ಕೊಡಬೇಕು. ತಣ್ಣಗಿನ ಗಾಜಿನ ಪಾತ್ರೆಯನ್ನು ಮಾತ್ರ ನೇರವಾಗಿ ಕಾದ ಓವನ್‌ಗೆ ಇಡಬಾರದು, ಸೀಳೀತು.