ಮಗಳು ಹಿಮಾಲಯಕ್ಕೆ ಹೊರಟಾಗ: ಮಲಗುವ ಚೀಲ ಆರಿಸುವುದು ಹೇಗೆ?

"ಅಮ್ಮಾ, ಡಿಸೆಂಬರ್ ರಜೆಯಲ್ಲಿ ನಾವೆಲ್ಲ ಹಿಮಾಲಯಕ್ಕೆ ಹೋಗ್ತಿದೀವಿ. ಮೂರು ರಾತ್ರಿ ಹಿಮದಲ್ಲೇ ಡೇರೆ!"

ಕಾಲೇಜಿಗೆ ಹೋಗುವ ಮಗಳೋ ಮಗನೋ ನಿಮ್ಮ ಮನೆಯಲ್ಲೂ ಒಂದು ದಿನ ಹೀಗೆ ಹೇಳಿಯಾರು, ಸೋದರಿಯರೇ. ಯಜಮಾನರು ಪತ್ರಿಕೆಯಿಂದ ತಲೆ ಎತ್ತದೆ "ಹೋಗಿ ಬರಲಿ ಬಿಡು" ಅಂದುಬಿಡುತ್ತಾರೆ. ರೈಲಿನ ಟಿಕೆಟ್ಟು, ಬೂಟು, ಫೋಟೋ ಎಲ್ಲದರ ಮಾತೂ ಆಗುತ್ತದೆ. ರಾತ್ರಿ ಆ ಕೂಸು ಏನು ಹಾಸಿ, ಏನು ಹೊದ್ದು ಮಲಗೀತು ಅನ್ನುವ ಚಿಂತೆ ಮಾತ್ರ ನಮ್ಮ ಪಾಲಿಗೆ.

ಅಲ್ಲಿಗೆ ನಮ್ಮ ಕಂಬಳಿ, ರಗ್ಗು ಸಾಲುವುದಿಲ್ಲ. ಮಲಗುವ ಚೀಲ ಬೇಕು. ಮಕ್ಕಳ ಬಾಯಲ್ಲಿ ಅದು ಸ್ಲೀಪಿಂಗ್ ಬ್ಯಾಗ್. ನಮ್ಮಂಥ ಊರುಗಳಲ್ಲಿ ಇದನ್ನು ಮುಟ್ಟಿ ನೋಡಿ ಕೊಳ್ಳುವ ಅಂಗಡಿಯೇ ಅಪರೂಪ. ಬೆಂಗಳೂರಿಗೆ ಹೋದಾಗ ತರಬೇಕು, ಇಲ್ಲವೇ ಫೋನಿನಲ್ಲಿ ತರಿಸಬೇಕು. ಸೀರೆಯಾದರೆ ಸೆರಗು ಹಿಡಿದ ಕೂಡಲೇ ನಮಗೆ ಅದರ ಯೋಗ್ಯತೆ ಗೊತ್ತಾಗುತ್ತದೆ, ಇದು ಹಾಗಲ್ಲವಲ್ಲ! ನನ್ನ ಮಗಳು ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಾಗ ನಾಲ್ಕು ಕಡೆ ಕೇಳಿ, ಓದಿ, ಅಂಗಡಿಯಲ್ಲಿ ಬಿಚ್ಚಿಸಿ ನೋಡಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಕೊಳ್ಳುವ ಮೊದಲು ಒಂದು ವಿಚಾರ. ಚಾರಣಕ್ಕೆ ಕರೆದುಕೊಂಡು ಹೋಗುವವರೇ ಎಷ್ಟೋ ಸಲ ಚೀಲ ಕೊಡುತ್ತಾರೆ. ಕೇಳಿ ನೋಡಿ. ಕೊಡುತ್ತಾರೆ ಅಂದರೆ ಒಳಗೆ ಹಾಕಿಕೊಳ್ಳಲು ಒಂದು ಅಸ್ತರಿ ಹೊಲಿದುಕೊಟ್ಟರಾಯಿತು. ಅದು ಹೇಗೆಂದು ಮುಂದೆ ಬರೆದಿದ್ದೇನೆ. ಮಕ್ಕಳು ತಾವೇ ಗುಂಪು ಕಟ್ಟಿಕೊಂಡು ಹೋಗುವುದಾದರೆ, ವರ್ಷಾ ವರ್ಷಾ ಹೋಗುವ ಹುಚ್ಚಿದ್ದರೆ, ಆಗ ಸ್ವಂತದ್ದೇ ಬೇಕು.

ಅಲ್ಲಿ ಚಳಿ ಎಷ್ಟು ಅಂತೀರಿ? ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ನಮ್ಮ ಕರ್ನಾಟಕಕ್ಕೇ ಎತ್ತರ, ಸುಮಾರು 6,300 ಅಡಿ. ಕೇದಾರಕಂಠದ ನಡಿಗೆ ಶುರುವಾಗುವ ಸಾಂಕ್ರಿ ಅನ್ನುವ ಹಳ್ಳಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ನಾವು ಏದುಸಿರು ಬಿಡುತ್ತಾ ಹತ್ತಿ ನಿಲ್ಲುವ ಎತ್ತರದಿಂದ ಅವರು ಹೊರಡುವುದು! ಶಿಖರ ಸುಮಾರು 12,500 ಅಡಿ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಅನ್ನುವುದು ಲೆಕ್ಕ. ಡಿಸೆಂಬರ್, ಜನವರಿಯಲ್ಲಿ ಮೇಲಿನ ಡೇರೆಗಳಲ್ಲಿ ರಾತ್ರಿ ಮೈನಸ್ 5, ಮೈನಸ್ 10ಕ್ಕೆ ಇಳಿಯುವುದು ಸಾಮಾನ್ಯ. ಬಾಟಲಿಯ ನೀರು ಬೆಳಗಾಗುವುದರೊಳಗೆ ಗಡ್ಡೆ ಕಟ್ಟಿರುತ್ತದೆ.

ಈಗ ಚೀಲದ ವಿಷಯ. ಚೀಲ ಬಿಸಿ ಕೊಡುತ್ತದೆ ಅಂದುಕೊಳ್ಳುತ್ತೇವೆ. ಬಿಸಿ ಮೈಯದೇ. ಚೀಲ ಅದನ್ನು ಆಚೆ ಹೋಗದಂತೆ ಹಿಡಿದಿಡುತ್ತದೆ, ಅಷ್ಟೆ. ನಮ್ಮ ಮನೆಗಳಿಗೆ ಪಿಂಜಾರರು ಬಿಲ್ಲು ಹೊತ್ತು ಬರುತ್ತಿದ್ದುದು ನೆನಪಿದೆಯೇ? ವರ್ಷವೆಲ್ಲ ಮಲಗಿ ಹಲಗೆಯಂತಾದ ಹಾಸಿಗೆಯನ್ನು ಬಿಚ್ಚಿ, ಟಂಯ್ ಟಂಯ್ ಎಂದು ಹತ್ತಿ ಹಿಂಜಿ ಮತ್ತೆ ತುಂಬಿದರೆ ಅದೇ ಹತ್ತಿ ಎರಡರಷ್ಟು ಉಬ್ಬುತ್ತಿತ್ತು. ಆ ರಾತ್ರಿ ಹಾಸಿಗೆ ಎಷ್ಟು ಬೆಚ್ಚಗಿರುತ್ತಿತ್ತು! ಹೊಸ ಹತ್ತಿ ಒಂದು ಹಿಡಿಯೂ ಸೇರಿಲ್ಲ, ಸೇರಿದ್ದು ಗಾಳಿ. ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ಚಳಿ ತಡೆಯುವುದು. ಮಲಗುವ ಚೀಲದ ಗುಟ್ಟೂ ಇದೇ. ಬಿಚ್ಚಿ ಕೊಡವಿದಾಗ ಎಷ್ಟು ದಪ್ಪ ಉಬ್ಬುತ್ತದೆ ಅನ್ನುವುದನ್ನು ನೋಡಬೇಕು, ತೂಕವನ್ನಲ್ಲ.

ಒಳಗೆ ತುಂಬುವುದು ಮುಖ್ಯವಾಗಿ ಎರಡು ಬಗೆ. ಒಂದು ಬಾತು, ಹೆಬ್ಬಾತುಗಳ ಎದೆಯ ನುಣುಪು ತುಪ್ಪಳ. ಇನ್ನೊಂದು ಕೃತಕ ಎಳೆ, ಅಂದರೆ ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬ ಇಬ್ಬರು ರಸಾಯನ ತಜ್ಞರು ಕಂಡುಹಿಡಿದದ್ದು ಇದನ್ನೇ. ನಮ್ಮ ಅಪ್ಪಂದಿರ ಕಾಲದಲ್ಲಿ ಟೆರಿಲೀನ್ ಅಂಗಿಯಾಗಿ ಮೆರೆಯಿತಲ್ಲ, ಅದೇ. ಆ ಅಂಗಿಯ ಮೇಲೆ ಎಲ್ಲರದೂ ಒಂದೇ ದೂರು: ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ ಅಂತ. ನೋಡಿ, ಅಂಗಿಯಲ್ಲಿ ದೋಷವಾದದ್ದು ಚೀಲದಲ್ಲಿ ಗುಣವಾಗಿದೆ. ಪಾಲಿಯೆಸ್ಟರ್ ಎಳೆ ತನ್ನ ತೂಕದ ನೂರರಲ್ಲಿ ಅರ್ಧ ಪಾಲಿನಷ್ಟು ತೇವವನ್ನೂ ಹೀರುವುದಿಲ್ಲ. ಹತ್ತಿ ಏಳೆಂಟು ಪಾಲು ಹೀರುತ್ತದೆ. ತುಪ್ಪಳ ಒದ್ದೆಯಾಯಿತೋ, ನೆನೆದ ಕೋಳಿಮರಿಯ ಹಾಗೆ ಮುದುಡಿ ಗಂಟು ಕಟ್ಟುತ್ತದೆ, ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಪಾಲಿಯೆಸ್ಟರ್ ಒದ್ದೆಯಾದರೂ ಬಹುಮಟ್ಟಿಗೆ ಉಬ್ಬಿಕೊಂಡೇ ಇರುತ್ತದೆ, ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ.

ಹಿಮದಲ್ಲಿ ಮಳೆ ಎಲ್ಲಿ ಬಂತು, ಒದ್ದೆ ಯಾಕಾಗುತ್ತೆ ಅಂತ ನಾನೂ ಮಗಳನ್ನು ಕೇಳಿದೆ. ಮಳೆ ಬೇಕಿಲ್ಲವಂತೆ. ಮೂರು ಜನ ಒಂದು ಡೇರೆಯಲ್ಲಿ ರಾತ್ರಿಯಿಡೀ ಉಸಿರು ಬಿಟ್ಟರೆ ಆ ಆವಿ ತಣ್ಣನೆಯ ಬಟ್ಟೆಗೆ ತಗುಲಿ ಹನಿಯಾಗುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದ ಕೆಳಗೆ ನೀರು ನಿಲ್ಲುವ ಹಾಗೆ. ಬೆಳಗ್ಗೆ ಅದು ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಬೆಳಗ್ಗೆ ಒದ್ದೆಯಾದದ್ದನ್ನೇ ಸಂಜೆ ಮತ್ತೆ ಹೊದೆಯಬೇಕು. ಅದಕ್ಕೇ ಹೊಸಬರಿಗೆ ಪಾಲಿಯೆಸ್ಟರ್ ವಾಸಿ. ಬೆಲೆಯೂ ಸಾಮಾನ್ಯವಾಗಿ ತುಪ್ಪಳದ್ದಕ್ಕಿಂತ ಬಹಳ ಕಡಿಮೆ. "ಹಕ್ಕಿ ಪುಕ್ಕದ ಹಾಸಿಗೆ ಈ ಮನೆಗೆ ಬೇಡ" ಎಂದು ನಮ್ಮ ಅತ್ತೆಯವರು ಹೇಳಿದ್ದೂ ಉಂಟು, ಅದು ಬೇರೆ ಮಾತು. ಕುಂದೂ ಹೇಳಬೇಕಲ್ಲ: ಅಷ್ಟೇ ಚಳಿ ತಡೆಯುವ ತುಪ್ಪಳದ ಚೀಲಕ್ಕಿಂತ ಇದು ಭಾರ, ಮಡಿಸಿದಾಗ ಗಾತ್ರವೂ ಹೆಚ್ಚು, ಬಾಳಿಕೆಯೂ ಕಡಿಮೆ. ಒತ್ತಿ ಒತ್ತಿ ತುಂಬಿದಂತೆಲ್ಲ ಎಳೆಗಳು ಸೋತು ಕೆಲವು ವರ್ಷಗಳಲ್ಲಿ ತೆಳುವಾಗುತ್ತದೆ. ಬೇರೆಯವರ ಹಳೆಯ ಚೀಲ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುಂಚೆ ಹೊಸದರ ಪಕ್ಕ ಹರಡಿ ದಪ್ಪ ಹೋಲಿಸಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಾವು ಹೋದ ಅಂಗಡಿಯ ಹುಡುಗ ಒಂದು ಚಂದದ ನೀಲಿ ಚೀಲ ತೆಗೆದು, "ಮೈನಸ್ 20ರ ತನಕ ತಡೆಯುತ್ತೆ ಆಂಟಿ, ಕಣ್ಣು ಮುಚ್ಚಿ ತಗೊಳ್ಳಿ" ಅಂದ. ಹೊರಗೆ ದಪ್ಪಕ್ಷರದಲ್ಲಿ 20 ಅಂತಲೇ ಇತ್ತು. ನಾನು ಕಣ್ಣು ಮುಚ್ಚಲಿಲ್ಲ, ಕನ್ನಡಕ ಹಾಕಿಕೊಂಡೆ. ಒಳಗೆ ಹೊಲಿದಿದ್ದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಮೂರು ಅಂಕಿಗಳಿದ್ದವು: ಕಂಫರ್ಟ್ 1, ಲಿಮಿಟ್ ಮೈನಸ್ 4, ಎಕ್ಸ್‌ಟ್ರೀಮ್ ಮೈನಸ್ 20.

ಈ ಮೂರರ ಅರ್ಥ ತಿಳಿದರೆ ಅರ್ಧ ಕೆಲಸ ಆದಂತೆ. 2002ರಲ್ಲಿ ಯೂರೋಪಿನವರು ಇಎನ್ 13537 ಎಂಬ ಅಳತೆ ತಂದರು. ಆಮೇಲೆ ಅದರ ಜಾಗಕ್ಕೆ ಐಎಸ್‌ಒ 23537 ಬಂತು. ಒಳಗೆ ಬಿಸಿ ಮಾಡಿದ ಆಳೆತ್ತರದ ಗೊಂಬೆಗೆ ಬಟ್ಟೆ ತೊಡಿಸಿ, ಚೀಲದೊಳಗೆ ಹಾಕಿ, ಚಾಪೆಯ ಮೇಲೆ ಮಲಗಿಸಿ, ಶೀತದ ಕೋಣೆಯಲ್ಲಿಟ್ಟು ಅಳೆಯುತ್ತಾರೆ. ಕಂಫರ್ಟ್ ಅನ್ನುವುದು ಒಬ್ಬ ಸಾಧಾರಣ ಹೆಂಗಸು ಕೈಕಾಲು ಚಾಚಿ ಆರಾಮವಾಗಿ ನಿದ್ದೆ ಮಾಡಬಹುದಾದ ಚಳಿ. ಲಿಮಿಟ್ ಅನ್ನುವುದು ಒಬ್ಬ ಗಂಡಸು ಮುದುಡಿಕೊಂಡು ಹೇಗೋ ಎಂಟು ಗಂಟೆ ಎಚ್ಚರವಾಗದೆ ಕಳೆಯಬಹುದಾದ ಚಳಿ. ಕೊನೆಯದಂತೂ ಕೇಳಲೇಬೇಡಿ. ಹೆಂಗಸೊಬ್ಬಳು ಆರು ಗಂಟೆ ಹೊತ್ತು ಪ್ರಾಣ ಹಿಡಿದುಕೊಂಡಿರಬಹುದು ಅಂತ ಅದರ ಅರ್ಥ! ನಿದ್ದೆಯ ಮಾತೇ ಇಲ್ಲ, ಕೈಕಾಲಿನ ಬೆರಳು ಮರಗಟ್ಟಿದರೂ ಮರಗಟ್ಟೀತು. ಆ ಅಂಕಿಯನ್ನು ಹೊರಗೆ ದೊಡ್ಡದಾಗಿ ಬರೆದು ಮಾರುತ್ತಾರಲ್ಲ, ಏನು ಹೇಳೋಣ ಇವರಿಗೆ?

ಗಂಡಸರಿಗೂ ನಮಗೂ ಬೇರೆ ಬೇರೆ ಅಂಕಿ ಯಾಕೆ ಅಂದರೆ, ಸಾಮಾನ್ಯವಾಗಿ ಅವರ ಮೈಯಲ್ಲಿ ಮಾಂಸಖಂಡ ಹೆಚ್ಚು, ಅದು ಮಲಗಿದಾಗಲೂ ಶಾಖ ಹುಟ್ಟಿಸುತ್ತದೆ. ನಮ್ಮ ಕೈಕಾಲುಗಳಿಗೆ ಚಳಿಯಲ್ಲಿ ರಕ್ತ ಹರಿಯುವುದು ಬೇಗ ಕಡಿಮೆಯಾಗುತ್ತದೆ. "ನಿನಗೆ ಯಾವಾಗಲೂ ಚಳಿ" ಎಂದು ಫ್ಯಾನಿನ ವಿಷಯಕ್ಕೆ ಮನೆಯಲ್ಲಿ ನಗುತ್ತಾರಲ್ಲ, ನಗಲಿ ಬಿಡಿ, ಲೆಕ್ಕ ನಮ್ಮ ಕಡೆಯೇ ಇದೆ. ಆದ್ದರಿಂದ ಮಗಳಿಗೆ ಕೊಳ್ಳುವಾಗ ಕಂಫರ್ಟ್ ಅಂಕಿ ಒಂದನ್ನೇ ನೋಡಿ. ಮಗನಿಗಾದರೂ ಅದನ್ನೇ ನೋಡಿದರೆ ನಷ್ಟವಿಲ್ಲ. ಮೂರು ಅಂಕಿಯ ಚೀಟಿಯೇ ಇಲ್ಲದ ಚೀಲವಾದರೆ ಹೊರಗೆ ಬರೆದದ್ದನ್ನು ನಂಬಬೇಡಿ. ಫೋನಿನಲ್ಲಿ ತರಿಸುವವರು ಚೀಟಿಯ ಚಿತ್ರ ದೊಡ್ಡದು ಮಾಡಿ ಓದಿ.

ನಾವು ಕೊನೆಗೆ ಕಂಫರ್ಟ್ ಮೈನಸ್ 5 ಇದ್ದದ್ದನ್ನು ತಂದೆವು. ತೂಕ ಎರಡು ಕಿಲೋ ದಾಟಿತು. "ಹೊರುವವಳು ನಾನು" ಎಂದು ಮಗಳು ಮುಖ ಊದಿಸಿದಳು. ನಿದ್ದೆಗೆಟ್ಟು ಮರುದಿನ ಶಿಖರ ಹತ್ತುವವಳೂ ನೀನೇ ಅಂದೆ. ಬೆಚ್ಚನೆಯ ಒಳ ಉಡುಪು, ಟೋಪಿ, ಒಳಗೊಂದು ಅಸ್ತರಿ ಸೇರಿದರೆ ಮೈನಸ್ 10ಕ್ಕೂ ಹೇಗೋ ಹೊಂದುತ್ತದೆ. ಹಾಗೆಂದು ತೀರಾ ತೆಳುವಾದದ್ದನ್ನು ಕೊಂಡು ಅದರ ಮೇಲೆ ಸ್ವೆಟರು ಪೇರಿಸುವುದು ಬೇಡ, ಒಳಗೆ ಬಿಗಿಯಾಗಿ ಉಬ್ಬು ಅದುಮಿ ಹೋಗುತ್ತದೆ.

ಹೊಲಿಗೆ ನೋಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುತ್ತಾರಲ್ಲ, ಮೇಲಿನ ಬಟ್ಟೆಯಿಂದ ಕೆಳಗಿನ ಬಟ್ಟೆಯವರೆಗೆ ಸೂಜಿ ಆರಪಾರು ಹೋಗುತ್ತದೆ. ಕೌದಿಗೆ ಅದು ಸರಿ. ಚಳಿಯ ಚೀಲದಲ್ಲಿ ಹಾಗೆ ಹೊಲಿದಿದ್ದರೆ ಹೊಲಿಗೆಯ ಸಾಲಿನಲ್ಲಿ ತುಂಬಿದ್ದೇನೂ ಇರುವುದಿಲ್ಲ, ಅಲ್ಲೆಲ್ಲ ಚಳಿ ನುಗ್ಗುತ್ತದೆ. ಒಳ್ಳೆಯದರಲ್ಲಿ ಎರಡು ಪದರ ಇದ್ದು, ಒಂದರ ಹೊಲಿಗೆ ಇನ್ನೊಂದರ ಉಬ್ಬಿನ ಮೇಲೆ ಬರುತ್ತದೆ, ಹೆಂಚು ಹೊದಿಸಿದ ಹಾಗೆ. ಬೆರಳಿನಿಂದ ಹಿಚುಕಿದರೆ ತಿಳಿಯುತ್ತದೆ. ಆಕಾರ ಭುಜದಲ್ಲಿ ಅಗಲ, ಕಾಲ ಕಡೆ ಕಿರಿದು ಇರಲಿ. ತಲೆಗೆ ಕುಲಾವಿಯಂತೆ ಮುಚ್ಚುವ ಭಾಗ, ಕತ್ತಿನ ಸುತ್ತ ಉಬ್ಬಿದ ಪಟ್ಟಿ, ಜಿಪ್ಪಿನ ಉದ್ದಕ್ಕೂ ಒಳಗಡೆ ತುಂಬಿದ ಪಟ್ಟಿ ಇವೆಯೇ ನೋಡಿ. ಆ ಪಟ್ಟಿ ಇಲ್ಲದಿದ್ದರೆ ಜಿಪ್ಪಿನ ಹಲ್ಲುಗಳ ಸಂದಿಯಲ್ಲೇ ಗಾಳಿ ಕುಯ್ಯುತ್ತದೆ. ನಾಚಿಕೆ ಬಿಟ್ಟು ಮಗಳನ್ನು ಅಂಗಡಿಯಲ್ಲೇ ಒಳಗೆ ಮಲಗಿಸಿ, ಜಿಪ್ಪನ್ನು ನಾಲ್ಕು ಸಲ ಎಳೆಸಿ ನೋಡಿ. ಬಟ್ಟೆ ಸಿಕ್ಕಿಕೊಳ್ಳುವ ಜಿಪ್ಪು ನಡುರಾತ್ರಿ ಕತ್ತಲಲ್ಲಿ ಅಳಿಸುತ್ತದೆ. ಕಾಲ ಕೆಳಗೆ ಒಂದು ಗೇಣಿಗಿಂತ ಹೆಚ್ಚು ಜಾಗ ಉಳಿಯಬಾರದು. ಖಾಲಿ ಜಾಗವನ್ನೂ ಅವಳ ಮೈಯೇ ಬಿಸಿ ಮಾಡಬೇಕಾಗುತ್ತದೆ.

ಚೀಲಕ್ಕೆ ಹಣ ಸುರಿದು ಚಾಪೆಗೆ ಜಿಪುಣತನ ಮಾಡುವವರೇ ಬಹಳ. ಮೈಯ ಭಾರಕ್ಕೆ ಅಡಿಯ ಎಳೆಗಳೆಲ್ಲ ಅಪ್ಪಚ್ಚಿಯಾಗುತ್ತವೆ, ಅಲ್ಲಿ ಗಾಳಿ ಇರುವುದಿಲ್ಲ. ಹಿಮದ ನೆಲ ನೇರವಾಗಿ ಬೆನ್ನಿನ ಬಿಸಿ ಹೀರುತ್ತದೆ. ನೀರು ಹೀರದ ಫೋಮ್ ಚಾಪೆ ಬೇಕೇ ಬೇಕು, ಹಿಮದ ಮೇಲಾದರೆ ಎರಡು.

ಒಳಚೀಲ, ಅಂದರೆ ಆಗಲೇ ಹೇಳಿದ ಅಸ್ತರಿ, ಮನೆಯಲ್ಲೇ ಒಂದು ಮಧ್ಯಾಹ್ನದ ಕೆಲಸ. ಐದಡಿ ಅಗಲ, ಏಳೂವರೆ ಅಡಿ ಉದ್ದದ ತೆಳು ಫ್ಲೀಸ್ ಹೊದಿಕೆ ತನ್ನಿ. ಉದ್ದಕ್ಕೆ ಎರಡು ಮಡಿಕೆ ಮಾಡಿ, ಕೆಳಗಿನ ಅಂಚು ಪೂರ್ತಿ ಹೊಲಿಯಿರಿ. ಬದಿಯ ಅಂಚನ್ನು ಮೇಲಿನಿಂದ ಎರಡಡಿ ಬಿಟ್ಟು ಹೊಲಿಯಿರಿ. ಭಾರ ಬೇಡವಾದರೆ ಉಡದೆ ಇಟ್ಟ ಹಳೆಯ ರೇಷ್ಮೆ ಸೀರೆಯ ಜರಿ ಬಿಚ್ಚಿ, ಹದಿನಾಲ್ಕು ಅಡಿ ಕತ್ತರಿಸಿ, ಅಡ್ಡಕ್ಕೆ ಮಡಿಸಿ ಎರಡೂ ಬದಿ ಹೊಲಿದರೆ ಏಳಡಿಯ ಚೀಲವಾಯಿತು, ಚೀಲಕ್ಕೆ ತಕ್ಕಂತೆ ಅಗಲ ಹಿಡಿದುಕೊಳ್ಳಿ. ಹತ್ತಿ ಸೀರೆ ಇದಕ್ಕೆ ಬೇಡ, ಬೆವರು ಹೀರಿ ತಣ್ಣಗಾಗುತ್ತದೆ. ಕೊಳೆ ಅಸ್ತರಿಗೇ ಹತ್ತುವುದರಿಂದ ದೊಡ್ಡ ಚೀಲವನ್ನು ಪದೇ ಪದೇ ಒಗೆಯುವುದೂ ತಪ್ಪುತ್ತದೆ.

ಮಗಳಿಗೆ ನಾಲ್ಕು ಮಾತು ಹೇಳಿ ಕಳಿಸಿ. ದಿನವೆಲ್ಲ ನಡೆದ ಬೆವರಿನ ಬಟ್ಟೆಯಲ್ಲಿ ಮಲಗಬಾರದು. ಮೂಗು ಬಾಯಿ ಹೊರಗಿರಲಿ, ಚೀಲದೊಳಗೆ ಉಸಿರು ಬಿಟ್ಟರೆ ಒಳಗೆಲ್ಲ ತೇವವಾಗುತ್ತದೆ. ಮಲಗುವ ಮುಂಚೆ ಶೇಂಗಾ ಉಂಡೆಯಂಥದ್ದೇನಾದರೂ ತಿಂದರೆ ಮೈ ಬೆಚ್ಚಗಿರುತ್ತದೆ. ಬಿಗಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದಲ್ಲಿ ಹಾಕಿ ಪಾದದ ಬಳಿ ಇಟ್ಟುಕೊಳ್ಳಲಿ. ಶೌಚಕ್ಕೆ ಹೋಗಬೇಕೆನಿಸಿದರೆ ಚಳಿಗೆ ಹೆದರಿ ತಡೆದುಕೊಳ್ಳುವುದು ಬೇಡ.

ಊರಿಗೆ ಮರಳಿದ ಮೇಲೆ ಚೀಲ ನಮ್ಮ ಕೈಗೇ ಬರುತ್ತದೆ. ಒಗೆಯುವುದಾದರೆ ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚನೆಯ ನೀರಿಗೆ ಸ್ವಲ್ಪ ಮೃದುವಾದ ದ್ರವ ಸೋಪು ಹಾಕಿ ತುಳಿಯಿರಿ, ಕಲ್ಲಿಗೆ ಬಡಿಯಬೇಡಿ. ಬಟ್ಟೆ ಮೆತ್ತಗಾಗಿಸುವ ದ್ರಾವಣ, ಇಸ್ತ್ರಿ, ಡ್ರೈಕ್ಲೀನಿಂಗ್ ಯಾವುದೂ ಬೇಡ. ಬಿಸಿ ಇಸ್ತ್ರಿ ತಗುಲಿದರೆ ಎಳೆ ಕರಗುತ್ತದೆ. ನೀರು ತುಂಬಿದಾಗ ಒಂದು ತುದಿ ಹಿಡಿದು ಎತ್ತಿದರೆ ಒಳಗಿನ ಹೊಲಿಗೆ ಕಿತ್ತುಬರುತ್ತದೆ, ಮಗುವನ್ನೆತ್ತುವಂತೆ ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಿ. ನೆರಳಿನಲ್ಲಿ ಹರಡಿ, ಆಗಾಗ ಕೊಡವಿ, ಎರಡು ದಿನವಾದರೂ ಒಣಗಿಸಿ.

ಒಣಗಿದ ಮೇಲೆ ಅದರ ಜೊತೆ ಬಂದ ಪುಟ್ಟ ಚೀಲಕ್ಕೆ ತುರುಕಿ ಇಡಬೇಡಿ. ಆ ಪುಟ್ಟ ಚೀಲ ಪ್ರಯಾಣಕ್ಕೆ ಮಾತ್ರ. ಹಳೆಯ ಹತ್ತಿ ಸೀರೆಯಲ್ಲಿ ಮೂರಡಿ ಉದ್ದ, ಎರಡಡಿ ಅಗಲದ ಸಡಿಲ ಚೀಲ ಹೊಲಿದು, ಬಾಯಿಗೆ ಲಾಡಿ ಹಾಕಿ, ಅದರೊಳಗೆ ಹಗುರವಾಗಿ ತುಂಬಿಡಿ. ನುಸಿಗುಳಿಗೆ ಬೇಕಿಲ್ಲ, ಹುಳುಗಳು ಪಾಲಿಯೆಸ್ಟರಿನ ಗೊಡವೆಗೆ ಬರುವುದಿಲ್ಲ. ಇಲಿಗಳಿಗೆ ಮಾತ್ರ ಮೆತ್ತನೆಯ ಬಾಣಂತಿ ಕೋಣೆ ಸಿಕ್ಕಿದಂತಾಗುತ್ತದೆ. ಅಟ್ಟಕ್ಕೆ ಹಾಕದೆ ಬೀರುವಿನೊಳಗೆ ಮೊಳೆಗೆ ನೇತುಹಾಕಿ.